ಕಡಲಂಚಿನ ಕಣಜೀವಿಗಳಿಗೆ ಮನೆ ಹುಡುಕಿದವರು

ಒಟ್ಟೊ ಫ್ರೆಡ್ರಿಕ್ ಮ್ಯೂಲರ್ 1784ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್‌ನಲ್ಲಿ ತೀರಿಕೊಂಡಾಗ ಆತನ ಮುಖ್ಯ ಪುಸ್ತಕ ಇನ್ನೂ ಹಸ್ತಪ್ರತಿಯಲ್ಲೇ ಇತ್ತು. ಅದನ್ನು ಓರಣಗೊಳಿಸಿ ಅಚ್ಚಿಗೆ ಕೊಟ್ಟವನು ಒಟ್ಟೊ ಫ್ಯಾಬ್ರಿಸಿಯಸ್ ಎಂಬ ಪಾದ್ರಿ. ಧರ್ಮಪ್ರಚಾರಕ್ಕೆಂದು ಗ್ರೀನ್‌ಲ್ಯಾಂಡಿಗೆ ಹೋದವನು ಅಲ್ಲಿನ ಪ್ರಾಣಿಗಳ ಮೇಲೊಂದು ಗ್ರಂಥ ಬರೆದಿದ್ದ. ಮ್ಯೂಲರನ ಕೆಲಸದ ಬೆಲೆ ಅವನಿಗೆ ಗೊತ್ತಿತ್ತು. 1786ರಲ್ಲಿ ಪುಸ್ತಕ ಹೊರಬಂತು. ನದಿಯ ಮತ್ತು ಕಡಲಿನ ಕಣಜೀವಿಗಳು ಎಂದು ಸಾರುವ ಲ್ಯಾಟಿನ್ ಶೀರ್ಷಿಕೆ, 50 ಚಿತ್ರಫಲಕಗಳು, 17 ಜಾತಿಗಳು, ಅವುಗಳೊಳಗೆ ಸುಮಾರು 380 ಪ್ರಭೇದಗಳು. ಬರಿಗಣ್ಣಿಗೆ ಕಾಣದ ಜೀವಿಗಳನ್ನು ಹೆಸರು ಹಿಡಿದು ಕರೆಯಲು ನಡೆದ ಮೊದಲ ಗಟ್ಟಿ ಪ್ರಯತ್ನ ಇದೇ ಎಂದರೆ ತಪ್ಪಲ್ಲ.

ಮ್ಯೂಲರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ಕೌಂಟ್ ಒಬ್ಬನ ಮನೆಯಲ್ಲಿ ಹುಡುಗನಿಗೆ ಪಾಠ ಹೇಳುತ್ತಿದ್ದವನು. 1773ರಲ್ಲಿ ನಾರ್ವೆಯ ಡ್ರೋಬಾಕ್ ಊರಿನ ಸಿರಿವಂತ ವಿಧವೆಯೊಬ್ಬಳನ್ನು ಮದುವೆಯಾದ ಮೇಲೆ ದುಡಿದು ತಿನ್ನುವ ತಾಪತ್ರಯ ತಪ್ಪಿತು. ಡ್ರೋಬಾಕ್ ಇರುವುದು ಸಮುದ್ರದ ಹಿನ್ನೀರಿನ ದಡದಲ್ಲಿ. ಕಡಲ ತಳವನ್ನು ಬಾಚಿ ಮೇಲೆತ್ತುವ ಬಲೆಯೊಂದನ್ನು ಈತನೇ ರೂಪಿಸಿಕೊಂಡ. ಜೊತೆಗೆ ದಡದ ನೀರನ್ನು ಗಾಜಿನ ಪಾತ್ರೆಗಳಲ್ಲಿ ತಂದಿಟ್ಟು ಅದರೊಳಗೆ ಹುಟ್ಟಿ ಹರಿದಾಡುವುದನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತ. ವಿಜ್ಞಾನದ ಚರಿತ್ರೆಯಲ್ಲಿ ಅನುಕೂಲಸ್ಥ ಹೆಂಡತಿಯರ ಪಾಲನ್ನು ಯಾರಾದರೂ ಲೆಕ್ಕ ಹಾಕಬೇಕು.

ಆ ಪುಸ್ತಕದ ಎರಡು ಜೀವಿಗಳ ಬೆನ್ನು ಹತ್ತಿದರೆ ಈ ವರ್ಗೀಕರಣದ ಕಥೆ ಮುಕ್ಕಾಲು ಪಾಲು ಸಿಗುತ್ತದೆ. ಎರಡೂ ಕಡಲನೀರಿನವು. ಒಂದು ಸಪೂರ ಮೈಯ, ಉದ್ದ ಕತ್ತಿನ ಜೀವಿ. ಹಿಗ್ಗಿದರೆ ದಾರ, ತಾಗಿದರೆ ಮುದ್ದೆ. ಮ್ಯೂಲರ್ ಅದಕ್ಕೆ ‘ವಿಬ್ರಿಯೊ ಸಜಿಟ್ಟಾ’ ಎಂದು ಹೆಸರಿಟ್ಟ. ಇನ್ನೊಂದು ಅಗಲವಾಗಿ ತೆರೆದ ಬಾಯಿಯ ಜೀವಿ. ಅದನ್ನು ‘ಟ್ರೈಕೋಡಾ ಪೇಟೆನ್ಸ್’ ಎಂದು ಕರೆದ. ಮೊದಲನೆಯದನ್ನು ಹೊರ ಅಂಗಗಳೇ ಇಲ್ಲದವುಗಳ ಸಾಲಿಗೆ ಸೇರಿಸಿದ, ಎರಡನೆಯದನ್ನು ಮೈಮೇಲೆ ರೋಮವಿರುವವುಗಳ ಸಾಲಿಗೆ. ವಿಬ್ರಿಯೊ ಎಂಬ ಅದೇ ಜಾತಿಯೊಳಗೆ ಅವನು ಬ್ಯಾಕ್ಟೀರಿಯಾಗಳನ್ನೂ ತುರುಕಿದ್ದ. ಕಾಲರಾ ರೋಗಾಣು ಇಂದಿಗೂ ಆ ಹೆಸರನ್ನೇ ಹೊತ್ತಿದೆ. ನಕ್ಕು ಬಿಡುವ ವಿಷಯ ಇದಲ್ಲ. ಅಂದಿನ ಮಸೂರದಲ್ಲಿ ಕಂಡದ್ದಕ್ಕೆ ಅವನು ನಿಷ್ಠನಾಗಿದ್ದ, ಅಷ್ಟೆ. ಮುಂದಿನ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಈ ಎರಡು ಜೀವಿಗಳು ಮನೆಯಿಂದ ಮನೆಗೆ ಅಲೆದವು. ಜೀವಿಗಳು ಬದಲಾಗಲಿಲ್ಲ, ಅವುಗಳ ಮೈಯಲ್ಲಿ ಯಾವುದನ್ನು ನೋಡಬೇಕು ಎಂಬ ಬಗ್ಗೆ ಮನುಷ್ಯರ ಅಭಿಪ್ರಾಯ ಬದಲಾಗುತ್ತ ಹೋಯಿತು.

ಎರಡೂ ಸಿಲಿಯೇಟುಗಳು. ಹೈಸ್ಕೂಲಿನಲ್ಲಿ ಪ್ಯಾರಮೀಸಿಯಂ ಚಿತ್ರ ಬರೆದು ಭಾಗಗಳನ್ನು ಗುರುತಿಸಿದವರಿಗೆ ಈ ಗುಂಪಿನ ಪರಿಚಯ ಇದ್ದೇ ಇದೆ: ಒಂದೇ ಕೋಶ, ಮೈಮೇಲೆ ಸಾಲುಸಾಲಾಗಿ ಲೋಮಾಂಗಗಳು, ಒಳಗೆ ಎರಡು ಬಗೆಯ ಕೋಶಕೇಂದ್ರಗಳು. ಪ್ಯಾರಮೀಸಿಯಂ ಕೆರೆಕುಂಟೆಯ ಜೀವಿ. ಆದರೆ ಸಿಲಿಯೇಟುಗಳ ವಿಚಿತ್ರ ರೂಪಗಳು ಹೆಚ್ಚಾಗಿ ಕೂಡಿರುವುದು ಉಬ್ಬರವಿಳಿತದ ಗಡಿಯಲ್ಲಿ: ಬಂಡೆಯ ಗುಂಡಿಗಳಲ್ಲಿ, ಅಳಿವೆಯ ಕೆಸರಿನಲ್ಲಿ, ದಡದ ಮರಳಿನ ಕಣಕಣಗಳ ನಡುವಿನ ನೀರಿನಲ್ಲಿ. ಅಲ್ಲಿ ಉಪ್ಪು ಏರಿಳಿಯುತ್ತದೆ, ಬಿಸಿಲು ಸುಡುತ್ತದೆ, ನಾಲ್ಕು ಬೆರಳು ಕೆಳಗೆ ಅಗೆದರೆ ಗಂಧಕದ ನಾತದ ಕಪ್ಪು ಪದರ. ವರ್ಗೀಕರಣದ ಪ್ರತಿಯೊಂದು ಹೊಸ ಯೋಜನೆಯೂ ಎಡವಿದ್ದು ಸಾಮಾನ್ಯವಾಗಿ ಈ ದಡದಲ್ಲೇ.

ಮ್ಯೂಲರನಿಗೂ ನೂರು ವರ್ಷ ಮೊದಲೇ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಕಡಲನೀರನ್ನು ನೋಡಿದ್ದ. 1676ರ ಜುಲೈನಲ್ಲಿ ಸ್ಕೇವನಿಂಗನ್ ತೀರಕ್ಕೆ ಹೋಗಿ, ಸ್ನಾನಕ್ಕಿಳಿಯುತ್ತಿದ್ದವನೊಬ್ಬನ ಕೈಗೆ ಹೊಸ ಗಾಜಿನ ಬಾಟಲಿ ಕೊಟ್ಟು, ಎರಡು ಸಲ ಕಡಲಲ್ಲಿ ತೊಳೆದು ತುಂಬಿಸಿಕೊಡು ಎಂದು ಕೇಳಿದ್ದ. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ದೀರ್ಘ ಪತ್ರದಲ್ಲಿ ಮಳೆನೀರು, ಬಾವಿನೀರು, ಮೆಣಸು ನೆನೆಸಿಟ್ಟ ನೀರುಗಳ ಜೊತೆಗೆ ಈ ಕಡಲನೀರಿನ ಜೀವಿಗಳೂ ಬರುತ್ತವೆ. ಅವನು ಕಂಡದ್ದನ್ನು ವರ್ಣಿಸಿದ, ಹೆಸರಿಡಲಿಲ್ಲ. ಹೆಸರಿಡುವುದನ್ನೇ ಕಾಯಕ ಮಾಡಿಕೊಂಡಿದ್ದ ಲಿನೇಯಸ್ 1767ರ ಆವೃತ್ತಿಯಲ್ಲಿ ಇಂಥ ಬಹುಪಾಲು ಜೀವಿಗಳನ್ನು ‘ಕೇಆಸ್’ ಎಂಬ ಒಂದೇ ಜಾತಿಗೆ ಹಾಕಿ ಕೈತೊಳೆದುಕೊಂಡ. ಗೊಂದಲವನ್ನೇ ಜಾತಿಯ ಹೆಸರಾಗಿಸುವ ಧೈರ್ಯ ಲಿನೇಯಸ್‌ಗೆ ಮಾತ್ರ ಇದ್ದೀತು.

*

ಹತ್ತೊಂಬತ್ತನೆಯ ಶತಮಾನದ ಮೊದಲ ದೊಡ್ಡ ಜಗಳ ಹೊಟ್ಟೆಯದು. ಬರ್ಲಿನ್ನಿನ ಕ್ರಿಶ್ಚಿಯನ್ ಗಾಟ್‌ಫ್ರೀಡ್ ಎರೆನ್‌ಬರ್ಗ್ 1820ರಿಂದ 25ರವರೆಗೆ ಈಜಿಪ್ಟ್, ಕೆಂಪು ಸಮುದ್ರಗಳ ತೀರದಲ್ಲಿ ಅಲೆದವನು. ಜೊತೆಗಾರ ಹೆಂಪ್ರಿಕ್ ಮಸ್ಸಾವಾದಲ್ಲಿ ಸತ್ತ, ಈತ ಬದುಕಿ ಬಂದ. ಆಮೇಲೆ 1829ರಲ್ಲಿ ಹಂಬೋಲ್ಟನ ಜೊತೆ ರಷ್ಯಾ ಸುತ್ತಿದ. ಊರೂರಿನ ನೀರನ್ನು ನೋಡಿ 1838ರಲ್ಲಿ 64 ಫಲಕಗಳ ಮಹಾಗ್ರಂಥ ಪ್ರಕಟಿಸಿದ. ಕಣಜೀವಿಗಳಿಗೆ ನೀಲಿ ಮತ್ತು ಕಾರ್ಮೈನ್ ಬಣ್ಣದ ಪುಡಿ ತಿನ್ನಿಸಿದಾಗ ಮೈಯೊಳಗೆ ಬಣ್ಣದ ಗುಳ್ಳೆಗಳು ಒಂದಾದ ಮೇಲೊಂದು ಮೂಡುತ್ತಿದ್ದವು. ಎರೆನ್‌ಬರ್ಗ್ ಅವನ್ನು ಹೊಟ್ಟೆಗಳೆಂದು ಎಣಿಸಿದ. ಎಷ್ಟು ಸಣ್ಣದಾದರೂ ಪ್ರಾಣಿ ಪ್ರಾಣಿಯೇ, ಅದಕ್ಕೆ ಕರುಳು, ಸ್ನಾಯು, ಜನನಾಂಗ ಎಲ್ಲ ಇರಲೇಬೇಕೆಂಬುದು ಅವನ ನಂಬಿಕೆ. ಅದರಂತೆ ಬಹುಹೊಟ್ಟೆಯ ಜೀವಿಗಳೆಂಬ ದೊಡ್ಡ ವಿಭಾಗವನ್ನೇ ಕಟ್ಟಿದ.

ಫ್ರಾನ್ಸಿನ ಫೆಲಿಕ್ಸ್ ಡ್ಯುಜಾರ್ಡಿನ್ ಒಪ್ಪಲಿಲ್ಲ. ಮೆಡಿಟರೇನಿಯನ್ ದಡದ ಫೊರಾಮಿನಿಫೆರಾ ಎಂಬ ಚಿಪ್ಪುಜೀವಿಗಳನ್ನು ಒಡೆದು ನೋಡಿದ್ದ ಅವನಿಗೆ ಒಳಗೆ ಸಿಕ್ಕಿದ್ದು ಲೋಳೆಯಂಥ ಜೀವಂತ ವಸ್ತು ಮಾತ್ರ. ಗುಳ್ಳೆಗಳು ಹೊಟ್ಟೆಗಳಾಗಿದ್ದರೆ ನಿಂತಲ್ಲೇ ನಿಲ್ಲಬೇಕಿತ್ತು. ಅವು ಆ ಲೋಳೆಯಲ್ಲಿ ತೇಲಿ ಸುತ್ತುತ್ತಿದ್ದವು. 1841ರಲ್ಲಿ ಅವನ ಪುಸ್ತಕ ಬಂದಾಗ ಎರೆನ್‌ಬರ್ಗನ ಹೊಟ್ಟೆಗಳು ಕರಗಲಾರಂಭಿಸಿದವು. ಎರೆನ್‌ಬರ್ಗ್ ಮಾತ್ರ 1876ರಲ್ಲಿ ಸಾಯುವ ತನಕ ಹಟ ಬಿಡಲಿಲ್ಲ. ಅವನ ಬಗ್ಗೆ ಹಗುರವಾಗಿ ಬರೆಯುವುದು ರೂಢಿ. ನನಗೆ ಅದು ಅನ್ಯಾಯವೆನಿಸುತ್ತದೆ. ಸಿದ್ಧಾಂತ ಬಿದ್ದರೂ ಅವನಿಟ್ಟ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ನಮ್ಮ ಉದ್ದ ಕತ್ತಿನ ಜೀವಿಯನ್ನು ಬ್ಯಾಕ್ಟೀರಿಯಾಗಳ ಸಹವಾಸದಿಂದ ಬಿಡಿಸಿ ‘ಟ್ರಕೆಲೊಸರ್ಕಾ’ ಎಂಬ ಹೊಸ ಜಾತಿಗೆ ಕರೆತಂದವನೂ ಅವನೇ, 1840ರಲ್ಲಿ. ಅಗಲ ಬಾಯಿಯದು ಅಷ್ಟರಲ್ಲಿ ಡ್ಯುಜಾರ್ಡಿನ್ ಕೈಯಲ್ಲಿ ‘ಕಾಂಡಿಲೊಸ್ಟೋಮಾ ಪೇಟೆನ್ಸ್’ ಆಗುವ ಹಾದಿಯಲ್ಲಿತ್ತು. ಈ ಹೆಸರುಗಳೇ ಉಳಿದಿವೆ.

ಹೊಟ್ಟೆಯ ಗಲಾಟೆ ಮುಗಿದ ಮೇಲೆ ಉಳಿದ ಪ್ರಶ್ನೆ: ಹಾಗಾದರೆ ಇವನ್ನು ವಿಂಗಡಿಸುವುದು ಯಾವುದರ ಮೇಲೆ? ಪ್ರಾಗ್ ನಗರದ ಫ್ರೀಡ್ರಿಕ್ ಸ್ಟೈನ್ 1859ರಿಂದ ಪ್ರಕಟಿಸಿದ ಸಂಪುಟಗಳಲ್ಲಿ ಸರಳ ಉತ್ತರ ಕೊಟ್ಟ. ಲೋಮಾಂಗಗಳು ಮೈತುಂಬ ಒಂದೇ ಸಮನಾಗಿದ್ದರೆ ಹೋಲೊಟ್ರಿಕ. ಮೈಯ ರೋಮಗಳ ಜೊತೆಗೆ ಬಾಯಿಯ ಬಳಿ ದೊಡ್ಡ ರೋಮಗಳ ಸುರುಳಿ ಇದ್ದರೆ ಹೆಟೆರೊಟ್ರಿಕ. ಹೊಟ್ಟೆಯ ಕೆಳಗಷ್ಟೇ ಇದ್ದರೆ ಹೈಪೊಟ್ರಿಕ. ಬಾಯಿಯ ಸುತ್ತ ಬಳೆಯಾಗಿದ್ದರೆ ಪೆರಿಟ್ರಿಕ. ನೂರು ವರ್ಷ ವಿದ್ಯಾರ್ಥಿಗಳು ಇದನ್ನೇ ಬಾಯಿಪಾಠ ಮಾಡಿದರು. ಟ್ರಕೆಲೊಸರ್ಕಾ ಹೋಲೊಟ್ರಿಕಗಳ ಪಾಲಾಯಿತು, ಕಾಂಡಿಲೊಸ್ಟೋಮಾ ಹೆಟೆರೊಟ್ರಿಕಗಳ ಪಾಲಾಯಿತು. ಬೇರೆ ಬೇರೆ ಮನೆಗಳು, ಈ ಸಲ ಗಟ್ಟಿ ಗೋಡೆಗಳೊಂದಿಗೆ.

ಆ ಕಾಲದ ಒಂದು ಪ್ರಸಂಗ ನನಗೆ ಬಹಳ ಪ್ರಿಯ. ಬ್ರೆಸ್ಲೌ ನಗರ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರ. ಅಲ್ಲಿನ ಸಸ್ಯಶಾಸ್ತ್ರಜ್ಞ ಫರ್ಡಿನಾಂಡ್ ಕೋನ್ ಕಡಲನೀರಿನ ಅಕ್ವೇರಿಯಂ ಒಂದನ್ನು ಇಟ್ಟುಕೊಂಡು ಅದರೊಳಗೇ ಹೊಸ ಕಡಲಜೀವಿಗಳನ್ನು ಹುಡುಕಿದ. 1866ರಲ್ಲಿ ಅವುಗಳ ವಿವರ ಪ್ರಕಟಿಸಿದ. ಉದ್ದ ಕತ್ತಿನವುಗಳಲ್ಲಿ ಒಂದಕ್ಕೆ ರಾಜಹಂಸದ ಜಾತಿಯ ಹೆಸರನ್ನೇ ಕೊಟ್ಟು ‘ಟ್ರಕೆಲೊಸರ್ಕಾ ಫೀನಿಕಾಪ್ಟರಸ್’ ಎಂದ. ಇದೇ ಕೋನ್ ಬ್ಯಾಕ್ಟೀರಿಯಾ ವಿಜ್ಞಾನದ ಆದಿಪುರುಷರಲ್ಲಿ ಒಬ್ಬ. ಹತ್ತು ವರ್ಷದ ಬಳಿಕ ಹಳ್ಳಿಯ ವೈದ್ಯ ರಾಬರ್ಟ್ ಕಾಕ್ ತನ್ನ ಆಂಥ್ರಾಕ್ಸ್ ಪ್ರಯೋಗಗಳನ್ನು ತೋರಿಸಲು ಬಂದದ್ದು ಇವನ ಬಳಿಗೇ. ಮ್ಯೂಲರ್ ಒಂದೇ ಜಾತಿಗೆ ತುರುಕಿದ್ದ ಎರಡು ಗುಂಪುಗಳನ್ನೂ ಒಂದೇ ಮೇಜಿನ ಮೇಲೆ ನೋಡಿ ಬೇರೆ ಬೇರೆ ಮಾಡಬಲ್ಲ ಕಣ್ಣು ಆ ವೇಳೆಗೆ ಬಂದಿತ್ತು.

ಮುಂದೆ ಕಡಲ ದಡಕ್ಕೇ ಪ್ರಯೋಗಾಲಯಗಳು ಬಂದವು. ಫ್ರಾನ್ಸಿನ ರೋಸ್ಕೋಫ್ ಮತ್ತು ಇಟಲಿಯ ನೇಪಲ್ಸ್ ಕೇಂದ್ರಗಳು ಎರಡೂ 1872ರಲ್ಲಿ ಶುರುವಾದವು. 1884ರಲ್ಲಿ ಎಂಟ್ಸ್ ನೇಪಲ್ಸ್ ಕೊಲ್ಲಿಯ ಸಿಲಿಯೇಟುಗಳನ್ನೂ ಗ್ರೂಬರ್ ಜಿನೋವಾ ಬಂದರಿನವನ್ನೂ ವರ್ಣಿಸಿದರು. ಇವೆಲ್ಲ ಪಟ್ಟಿಗಳ ಕಾಲ. ಹೆಸರುಗಳು ಗುಡ್ಡೆ ಬಿದ್ದವು. ಆದರೆ ಕೋಶಕೇಂದ್ರದ ವಿಷಯದಲ್ಲಿ ಮುಖ್ಯ ಕೆಲಸ ನಡೆದದ್ದು ಅಲ್ಜಿಯರ್ಸ್‌ನ ಗ್ರಂಥಾಲಯದಲ್ಲಿ. ಅಲ್ಲಿನ ಗ್ರಂಥಪಾಲಕ ಎಮಿಲ್ ಮೋಪಾ ಬಿಡುವಿನಲ್ಲಿ ಸಿಲಿಯೇಟುಗಳನ್ನು ಸಾಕಿ, ಎರಡು ಕೋಶಗಳು ಕೂಡಿದಾಗ ಏನಾಗುತ್ತದೆಂದು 1889ರಲ್ಲಿ ಬಿಡಿಸಿ ತೋರಿಸಿದ. ಚಿಕ್ಕ ಕೋಶಕೇಂದ್ರ ಪೀಳಿಗೆಯಿಂದ ಪೀಳಿಗೆಗೆ ಹೋಗುವ ಬೀಜ. ದೊಡ್ಡದು ದಿನನಿತ್ಯದ ಆಡಳಿತಕ್ಕೆ; ಕೂಡಿಕೆಯಾದಾಗ ಹಳೆಯದು ನಾಶವಾಗಿ ಚಿಕ್ಕದರ ಮರಿಯಿಂದ ಹೊಸದು ಹುಟ್ಟುತ್ತದೆ. ಉಳಿದಂತೆ ಕೋಶ ಎರಡಾದಾಗಲೆಲ್ಲ ದೊಡ್ಡ ಕೋಶಕೇಂದ್ರವೂ ಎರಡಾಗಿ ಒಡೆಯುತ್ತದೆ. ಹಾಗೆಂದು ಎಲ್ಲರೂ ಅಂದುಕೊಂಡರು.

*

ಹ್ಯಾಂಬರ್ಗಿನ ಆಲ್ಫ್ರೆಡ್ ಕಾಲ್ ಶಾಲಾಮಾಸ್ತರ. 1877ರಲ್ಲಿ ಹುಟ್ಟಿದವನು ಸಿಲಿಯೇಟುಗಳ ಕಡೆ ತಿರುಗುವಾಗ ನಡುವಯಸ್ಸು ದಾಟಿತ್ತು. 1928ರಲ್ಲಿ ಓಲ್ಡೆಸ್ಲೊ ಎಂಬಲ್ಲಿ ಒಳನಾಡಿನಲ್ಲೇ ಇರುವ ಉಪ್ಪುನೀರಿನ ಚಿಲುಮೆಗಳ ಸಿಲಿಯೇಟುಗಳ ಬಗ್ಗೆ ಬರೆದ. ಆಮೇಲೆ 1930ರಿಂದ 1935ರೊಳಗೆ ನಾಲ್ಕು ಭಾಗಗಳಲ್ಲಿ 886 ಪುಟಗಳ ಗ್ರಂಥ. ನಡುವೆ 1933ರಲ್ಲಿ ಉತ್ತರ ಸಮುದ್ರ ಮತ್ತು ಬಾಲ್ಟಿಕ್ ತೀರದವುಗಳಿಗೇ ಪ್ರತ್ಯೇಕ ಕೈಪಿಡಿ. ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರು ಎಲ್ಲಿ ವರ್ಣಿಸಿದ್ದರೂ ಸರಿ, ಸ್ವತಂತ್ರವಾಗಿ ಬದುಕುವ ಸಿಲಿಯೇಟುಗಳನ್ನೆಲ್ಲ ಒಟ್ಟುಗೂಡಿಸಿ, ನೂರಾರು ಹೊಸ ಪ್ರಭೇದಗಳನ್ನು ತಾನೇ ಸೇರಿಸಿ, ಪ್ರತಿಯೊಂದಕ್ಕೂ ಚಿತ್ರ ಬರೆದು, ಹೇಗೆ ಗುರುತಿಸಬೇಕೆಂದು ಕೀಲಿಪಟ್ಟಿ ಕೊಟ್ಟ. ಬಹುಪಾಲು ಜೀವಂತ ಕೋಶಗಳನ್ನೇ ನೋಡಿ ಮಾಡಿದ ಕೆಲಸ. 1943ರಲ್ಲಿ ಪ್ರಕಟವಾದ ಅವನ ಕೊನೆಯ ಪುಸ್ತಕವನ್ನು ಯುದ್ಧದ ಗದ್ದಲದಲ್ಲಿ ಜಗತ್ತು ಮರೆತೇಬಿಟ್ಟಿತು; 2004ರಲ್ಲಷ್ಟೇ ಅದರ ಮರುಮುದ್ರಣವಾಯಿತು. ಕಾಲ್ 1946ರಲ್ಲಿ ತೀರಿಕೊಂಡ. ಈ ಕ್ಷೇತ್ರದಲ್ಲಿ ಯಾರ ಮೇಜಿನ ಮೇಲೆ ನೋಡಿದರೂ ಮೂಲೆ ಸವೆದ ಕಾಲ್ ಪ್ರತಿಯೊಂದು ಇರುತ್ತದೆ ಎನ್ನುವಷ್ಟು ಆ ನಾಲ್ಕು ಭಾಗಗಳ ಗ್ರಂಥ ಬಾಳಿಕೆ ಬಂದಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1936ರಲ್ಲಿ, ಬ್ರಿಟಿಷ್ ಇಂಡಿಯಾದ ಪ್ರಾಣಿಮಾಲೆಯಲ್ಲಿ ಬಿ. ಎಲ್. ಭಾಟಿಯಾ ಸಿಲಿಯೇಟುಗಳ ಸಂಪುಟ ತಂದ. ನಮ್ಮ ದೇಶದ ಮಟ್ಟಿಗೆ ಆಧಾರಗ್ರಂಥ ಅದೇ ಆಯಿತು.

ಕಾಲ್ ಜೀವಂತ ಕೋಶಗಳಿಗೆ ಅಂಟಿಕೊಂಡಿದ್ದಾಗ ಬೇರೆ ಕಡೆ ಬೆಳ್ಳಿಯ ಯುಗ ಶುರುವಾಗಿತ್ತು. ವಿಯೆನ್ನಾದ ಬ್ರೂನೊ ಕ್ಲೈನ್ 1926ರಲ್ಲಿ ಒಣಗಿಸಿದ ಕೋಶಗಳ ಮೇಲೆ ಸಿಲ್ವರ್ ನೈಟ್ರೇಟ್ ಹಾಕಿ ಬೆಳಕಿಗೆ ಹಿಡಿದ. ಲೋಮಾಂಗದ ಬುಡಗಳೂ ಅವನ್ನು ಜೋಡಿಸುವ ಗೆರೆಗಳೂ ಕಪ್ಪಾಗಿ ಎದ್ದು ಕಂಡವು. ಕಡಲ ಜೀವಿಗಳಿಗೆ ಈ ವಿದ್ಯೆ ಒಗ್ಗುವುದು ಕಷ್ಟ: ಸಮುದ್ರದ ಉಪ್ಪು ಬೆಳ್ಳಿಯನ್ನು ಹಿಡಿದು ಬಿಳಿ ಗಸಿಯಾಗಿಸಿಬಿಡುತ್ತದೆ, ಕೋಶ ಒಣಗಿದರೆ ಉಪ್ಪಿನ ಹರಳುಗಳ ನಡುವೆ ಹುದುಗುತ್ತದೆ. 1930ರಲ್ಲಿ ಎದುವಾರ್ ಶಾಟನ್ ಮತ್ತು ಆಂದ್ರೆ ಲ್ವೋಫ್ ಕೋಶವನ್ನು ಒಣಗಿಸದೆ, ಜೆಲಾಟಿನ್ ಪದರದಲ್ಲಿ ಕೂರಿಸಿ ಬೆಳ್ಳಿ ಕುಡಿಸುವ ಒದ್ದೆ ವಿಧಾನ ಕಂಡುಹಿಡಿದರು. ಇಬ್ಬರೂ ಫ್ರಾನ್ಸಿನ ಕಡಲತೀರದ ಕೇಂದ್ರಗಳಲ್ಲಿ ದುಡಿದವರು. ಏಡಿ ಸೀಗಡಿಗಳ ಮೈಮೇಲೆ ಗೂಡು ಕಟ್ಟಿ ಕೂರುವ ಸಿಲಿಯೇಟುಗಳು ಅವರ ವಿಶೇಷ ಆಸಕ್ತಿ. ರೋಮಗಳ ಬುಡದಿಂದ ಹೊರಡುವ ಎಳೆ ಯಾವಾಗಲೂ ಸಾಲಿನ ಬಲಗಡೆಗೇ ಇರುತ್ತದೆ ಎಂಬ ನಿಯಮ ಅವರದು. ಇದರಿಂದ ಸಿಲಿಯೇಟಿಗೆ ಎಡ ಬಲಗಳು ದಕ್ಕಿದವು. ಹೊರಗೆ ಎಷ್ಟೇ ಬೇರೆಯಾಗಿ ಕಂಡರೂ ಎರಡು ಜೀವಿಗಳ ಬಾಯಿಯನ್ನು ಒಂದೇ ದಿಕ್ಕಿನಿಂದ ಹೋಲಿಸಿ ನೋಡಬಹುದಾಯಿತು. ಶಾಟನ್ ಜೊತೆ ಸ್ಟ್ರಾಸ್‌ಬರ್ಗಿನಲ್ಲಿ ಸಿಲಿಯೇಟು ನೋಡುತ್ತ ಕೂತ ಮತ್ತೊಬ್ಬ ಹುಡುಗ ಜಾಕ್ ಮೊನೊ. 1965ರ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಲ್ವೋಫ್, ಮೊನೊ ಇಬ್ಬರೂ ಸೇರಿದರು, ಬೇರೆಯದೇ ಕೆಲಸಕ್ಕೆ. 1936ರಲ್ಲಿ ನರಗಳನ್ನು ತೋರಿಸಲೆಂದು ಬೋಡಿಯನ್ ಬಳಕೆಗೆ ತಂದ ಪ್ರೋಟಾರ್ಗಾಲ್ ಎಂಬ ಬೆಳ್ಳಿ-ಪ್ರೋಟೀನನ್ನು 1960ರ ದಶಕದಲ್ಲಿ ಟುಫ್ರೊ ಸಿಲಿಯೇಟುಗಳಿಗೆ ಹೊಂದಿಸಿದ. ಅದು ಮೊದಲು ನಂಜುನಿರೋಧಕ ಔಷಧವಾಗಿ ಹೆಸರಾಗಿದ್ದ ವಸ್ತು.

ಬೆಳ್ಳಿಯ ಚಿತ್ರಗಳನ್ನು ವಂಶವೃಕ್ಷವಾಗಿ ಹೆಣೆದವನು ಪ್ಯಾರಿಸಿನ ಎಮಾನ್ಯುಯೆಲ್ ಫೋರೆ-ಫ್ರೆಮಿಯೆ. ಕಾಂಕಾರ್ನೊ ತೀರ ಅವನ ಕರ್ಮಭೂಮಿ. ವರ್ಗೀಕರಣದವರು ಜೀವಿಯ ಬದುಕನ್ನೇ ಮರೆಯುತ್ತಾರೆಂಬ ದೂರು ಇವನಿಗೆ ತಟ್ಟುವುದಿಲ್ಲ. 1948ರಲ್ಲಿ ಅವನು ‘ಸ್ಟ್ರಾಂಬಿಡಿಯಂ ಆಕ್ಯುಲೇಟಂ’ ಎಂಬ ಹಸಿರು ಸಿಲಿಯೇಟಿನ ದಿನಚರಿ ಬರೆದ; ಗ್ರೂಬರ್ ಜಿನೋವಾದಲ್ಲಿ ಹೆಸರಿಸಿದ್ದ ಜೀವಿ ಇದು. ಇಳಿತದಲ್ಲಿ ಬಂಡೆಯ ಗುಂಡಿಗಳಲ್ಲಿ ನೀರು ನಿಂತಾಗ ಇದು ಈಜುತ್ತದೆ. ಉಬ್ಬರ ಮರಳಿ ಬರುವ ಮುನ್ನವೇ ಬಂಡೆಗೆ ಅಂಟಿ, ಸುತ್ತ ಕೋಟೆ ಕಟ್ಟಿಕೊಂಡು ಕುಳಿತುಬಿಡುತ್ತದೆ, ಕೊಚ್ಚಿಹೋಗುವ ಭಯವಿಲ್ಲ. ಅದರ ಹಸಿರೂ ಸ್ವಂತದ್ದಲ್ಲ, ತಿಂದ ಪಾಚಿಯಿಂದ ಕದ್ದದ್ದು. ಬೆಳಕು ಗ್ರಹಿಸುವ ಕೆಂಪು ಚುಕ್ಕಿಯೂ ಪಾಚಿಯದೇ ಎಂದು ಮುಂದಿನವರು ತೋರಿಸಿದರು. ಗಿಡವೋ ಪ್ರಾಣಿಯೋ ಎಂದು ಕೇಳಿದರೆ ಅದು ಉತ್ತರ ಕೊಡಲಾರದು. 2005ರಲ್ಲಿ ಕಾಟ್ಸ್ ಮತ್ತು ಸಂಗಡಿಗರು ಅಟ್ಲಾಂಟಿಕ್‌ನ ಎರಡೂ ದಡಗಳ ಬಂಡೆಗುಂಡಿಗಳಿಂದ ಇಂಥವನ್ನು ತಂದು ವಂಶವಾಹಿ ನೋಡಿದಾಗ, ಕಣ್ಣಿಗೆ ಒಂದೇ ಎನ್ನಿಸಿದ್ದರೊಳಗೆ ಹಲವು ಬೇರೆ ಬೇರೆ ಎಳೆಗಳು ಸಿಕ್ಕವು.

ಇನ್ನು ಮರಳು. ದಡದ ಹಿಡಿ ಮರಳಿನ ಸಂದುಗಳಲ್ಲಿ ಬದುಕುವ ಸಿಲಿಯೇಟುಗಳು ಉದ್ದ, ಚಪ್ಪಟೆ, ವಿಪರೀತ ಸೂಕ್ಷ್ಮ. ಕೆಲವು ಒಂದು ಮಿಲಿಮೀಟರಿಗೂ ಮಿಕ್ಕಿ ಬೆಳೆಯುತ್ತವೆ, ಕಣ್ಣು ಚೆನ್ನಾಗಿದ್ದರೆ ಬೆಳ್ಳನೆಯ ಎಳೆಯಾಗಿ ಕಾಣುತ್ತವೆ; ಔಷಧ ತಾಗಿಸಿದೊಡನೆ ಚೂರಾಗುತ್ತವೆ. ಇವನ್ನು ಘಾಸಿಯಾಗದಂತೆ ಹೊರಗೆ ತರಲು ಜರ್ಮನಿಯ ಊಲಿಗ್ 1964ರಲ್ಲಿ ಒಂದು ಉಪಾಯ ಪ್ರಕಟಿಸಿದ. ತಳಕ್ಕೆ ಬಲೆ ಕಟ್ಟಿದ ಕೊಳವೆಯಲ್ಲಿ ಮರಳು ತುಂಬಿ, ಮೇಲೆ ಕಡಲನೀರಿನ ಮಂಜುಗಡ್ಡೆ ಇಡುವುದು. ಮಂಜು ಕರಗಿ ಥಣ್ಣನೆಯ ಉಪ್ಪುನೀರು ಇಳಿಯುತ್ತಿದ್ದಂತೆ ಜೀವಿಗಳು ಕೆಳಗೆ ಸರಿದು ತಟ್ಟೆಗೆ ಬೀಳುತ್ತವೆ. ಫಿಲ್ಟರಿನಲ್ಲಿ ಕಾಫಿಯ ಡಿಕಾಕ್ಷನ್ ಇಳಿಸಿದ ಹಾಗೆಯೇ, ಆದರೆ ಬಿಸಿಯ ಬದಲು ತಂಪಿನಲ್ಲಿ. ಡೆನ್ಮಾರ್ಕಿನ ಟಾಮ್ ಫೆಂಚೆಲ್ 1960ರ ದಶಕದ ಕೊನೆಯಲ್ಲಿ ಮರಳಿನ ಕಣದ ಗಾತ್ರವೇ ಸಿಲಿಯೇಟುಗಳ ಭಾಗ್ಯ ಬರೆಯುತ್ತದೆಂದು ತೋರಿಸಿದ. ಕಣಗಳು ನಯವಾಗಿದ್ದಲ್ಲಿ ಇವುಗಳದೇ ದರಬಾರು. ತೀರ ಕೆಸರಾದರೆ ಸಂದುಗಳೇ ಮುಚ್ಚಿಹೋಗುತ್ತವೆ. ರೋಸ್ಕೋಫ್‌ನಲ್ಲಿ ಜಾನ್ ದ್ರಾಗೆಸ್ಕೊ 1960ರಲ್ಲಿ ಮರಳುವಾಸಿ ಸಿಲಿಯೇಟುಗಳ ಮೇಲೆ ಬರೆದ ಗ್ರಂಥ ಇಂದಿಗೂ ಕೈಗೆತ್ತಿಕೊಳ್ಳುವಂಥದು. ಕೋನ್‌ನ ರಾಜಹಂಸ ಅವನಲ್ಲಿ ‘ಟ್ರಕೆಲೊರಾಫಿಸ್’ ಎಂಬ ಹೊಸ ಜಾತಿಗೆ ಬಂತು. ದ್ರಾಗೆಸ್ಕೊ ಆಫ್ರಿಕಾದ ಹಕ್ಕಿಗಳ ಛಾಯಾಗ್ರಾಹಕನೂ ಹೌದು. ಒಂದೇ ಮನುಷ್ಯ ಎರಡು ತುದಿಯ ಗಾತ್ರಗಳನ್ನು ಅಷ್ಟೇ ತಾಳ್ಮೆಯಿಂದ ಕಾದು ನೋಡಿದ್ದಾನೆ.

ಮರಳಿನೊಳಗಿನ ಈ ಜೀವಿಗಳೇ ಮೋಪಾನ ಪಾಠಕ್ಕೆ ಅಪವಾದ ತಂದವು. ಲೆನಿನ್‌ಗ್ರಾಡಿನ ಇಗೊರ್ ರಾಯ್ಕೊವ್ ಟ್ರಕೆಲೊಸರ್ಕಾ ಮತ್ತು ಅದರ ನೆಂಟರ ಕೋಶಕೇಂದ್ರಗಳನ್ನು ವರ್ಷಗಟ್ಟಲೆ ನೋಡಿದ. ಇವುಗಳಲ್ಲಿ ದೊಡ್ಡ ಕೋಶಕೇಂದ್ರ ಒಡೆಯುವುದೇ ಇಲ್ಲ. ಕೋಶ ಎರಡಾದಾಗ ಇದ್ದವು ಹಂಚಿಹೋಗುತ್ತವೆ, ಕೊರತೆಯಾದದ್ದನ್ನು ಪ್ರತಿಸಲ ಚಿಕ್ಕದರಿಂದಲೇ ಹೊಸದಾಗಿ ಮಾಡಿಕೊಳ್ಳಬೇಕು. ಪ್ಯಾರಮೀಸಿಯಂನ ದೊಡ್ಡ ಕೋಶಕೇಂದ್ರದಲ್ಲಿ ಪ್ರತಿ ವಂಶವಾಹಿಗೂ ನೂರಾರು ನಕಲುಗಳಿದ್ದರೆ, ಇವುಗಳಲ್ಲಿ ನಮ್ಮ ಕೋಶಗಳಂತೆ ಎರಡರ ಹತ್ತಿರ ಮಾತ್ರ.

ಇದಕ್ಕೊಂದು ಅರ್ಥ ಹಚ್ಚಲು ಯಾರಿಗೂ ತಡವಾಗಲಿಲ್ಲ. ಒಡೆಯಲು ಕಲಿಯದ ಕೋಶಕೇಂದ್ರ, ಮೈತುಂಬ ಒಂದೇ ತೆರನ ರೋಮ, ತುದಿಯಲ್ಲೊಂದು ಸಾದಾ ಬಾಯಿ: ಇದು ಪೂರ್ವಿಕನ ಪಳೆಯುಳಿಕೆಯೇ ಸರಿ ಎಂದು ಅಮೆರಿಕದ ಜಾನ್ ಕಾರ್ಲಿಸ್ 1974ರಲ್ಲಿ ಈ ಗುಂಪಿಗೆ ‘ಕ್ಯಾರಿಯೊರೆಲಿಕ್ಟ್’ ಎಂದು ಹೆಸರಿಟ್ಟ. ಕಾರ್ಲಿಸ್ ಪ್ಯಾರಿಸಿನಲ್ಲಿ ಫೋರೆ-ಫ್ರೆಮಿಯೆ ಬಳಿ ಕಲಿತು ಬೆಳ್ಳಿಯ ವಿದ್ಯೆಯನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದವನು. 1961ರಲ್ಲಿ ಮೊದಲು ಬಂದ ಅವನ ಪುಸ್ತಕದ 1979ರ ಆವೃತ್ತಿಯಲ್ಲಿ ಸಿಲಿಯೇಟುಗಳು ಮೂರು ವರ್ಗಗಳಾಗಿ, ಮೂರು ಮೆಟ್ಟಿಲುಗಳಾಗಿ ನಿಂತವು. ಕೆಳಗಿನ ಮೆಟ್ಟಿಲಿನಲ್ಲಿ ಟ್ರಕೆಲೊಸರ್ಕಾ. ಮೇಲಿನ ಮೆಟ್ಟಿಲಿನಲ್ಲಿ, ಬಾಯಿಯ ಸುತ್ತ ರೋಮಗಳ ವೈಭವದೊಂದಿಗೆ, ಕಾಂಡಿಲೊಸ್ಟೋಮಾ. ಮ್ಯೂಲರನ ಎರಡು ಜೀವಿಗಳ ನಡುವಿನ ಅಂತರ ಹಿಂದೆಂದೂ ಇಷ್ಟು ಹಿಗ್ಗಿರಲಿಲ್ಲ.

*

ಮೆಟ್ಟಿಲು ಜರುಗಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ. ಪ್ರತಿ ಲೋಮಾಂಗದ ಬುಡದಲ್ಲಿ ನಾರುಗಳ ಒಂದು ಪುಟ್ಟ ಜೋಡಣೆ ಇರುತ್ತದೆ. ಡೆನಿಸ್ ಲಿನ್ ಎಂಬ ಕೆನಡಾದ ವಿಜ್ಞಾನಿ 1970ರ ದಶಕದಿಂದ ಹೇಳುತ್ತ ಬಂದದ್ದು ಇಷ್ಟು: ಬಾಯಿ, ಮೈಯಾಕಾರಗಳಂಥ ಹೊರರೂಪ ಬೇಗ ಬದಲಾಗುತ್ತದೆ, ಬುಡದ ಈ ಜೋಡಣೆ ನಿಧಾನಕ್ಕೆ ಬದಲಾಗುತ್ತದೆ, ಹಾಗಾಗಿ ಹಳೆಯ ನೆಂಟಸ್ತನ ಅಲ್ಲೇ ಉಳಿದಿರುತ್ತದೆ. ಲೆನಿನ್‌ಗ್ರಾಡಿನ ಗೆರಾಸಿಮೋವಾ ಮತ್ತು ಸೆರಾವಿನ್ 1976ರಲ್ಲೇ ಒಂದು ಸಾಮ್ಯ ಗುರುತಿಸಿದ್ದರು. ಬುಡದ ಹಿಂಬದಿಯಿಂದ ಹೊರಡುವ ಪಟ್ಟಿಗಳು ಒಂದರ ಮೇಲೊಂದು ಹೇರಿಕೊಂಡು ಉದ್ದ ಕಟ್ಟುಗಳಾಗುವುದು ಎರಡೇ ಗುಂಪುಗಳಲ್ಲಿ: ಕ್ಯಾರಿಯೊರೆಲಿಕ್ಟ್‌ಗಳಲ್ಲಿ ಮತ್ತು ಹೆಟೆರೊಟ್ರಿಕಗಳಲ್ಲಿ. ಆ ಕಟ್ಟುಗಳ ಹೆಸರಿನಿಂದಲೇ ಎರಡನ್ನೂ ಒಂದೇ ಉಪವಂಶಕ್ಕೆ ತಂದರು. ರಷ್ಯನ್ ಭಾಷೆಯಲ್ಲಿ ಬಂದ ಮಾತಿಗೆ ಹೊರಗಿನವರು ಕಿವಿಗೊಡುವುದು ತಡ. ಸ್ಮಾಲ್ ಮತ್ತು ಲಿನ್ 1981ರ ತಮ್ಮ ಯೋಜನೆಯಲ್ಲಿ ಇದನ್ನು ಎತ್ತಿಕೊಂಡರು.

ಸಾಕ್ಷಿ ಗಟ್ಟಿಯಾದದ್ದು ವಂಶವಾಹಿಯಿಂದ. ರೈಬೋಸೋಮಿನ ಆರ್‌ಎನ್‌ಎ ವಂಶವಾಹಿಯ ಅಕ್ಷರಗಳನ್ನು ಓದಿ ಹೋಲಿಸುವ ವಿಧಾನ 1980ರ ದಶಕದಲ್ಲಿ ಸೋಜಿನ್ ತಂಡದಿಂದ ಸಿಲಿಯೇಟುಗಳಿಗೆ ಬಂದಿತ್ತು. 1995 ಮತ್ತು 96ರಲ್ಲಿ ಎರಡು ತಂಡಗಳು ಕ್ಯಾರಿಯೊರೆಲಿಕ್ಟ್ ಮತ್ತು ಹೆಟೆರೊಟ್ರಿಕಗಳು ಒಡಹುಟ್ಟಿದವೆಂದು ತೋರಿಸಿದವು. ಸಿಲಿಯೇಟು ಮರದ ಒಂದು ಕವಲಿನಲ್ಲಿ ಇವೆರಡು, ಇನ್ನೊಂದರಲ್ಲಿ ಉಳಿದವೆಲ್ಲ. 1996ರ ಲೇಖನದ ಸಹಲೇಖಕರಲ್ಲಿ ಲಿನ್ ಇದ್ದ, ರಾಯ್ಕೊವ್ ಕೂಡ ಇದ್ದ. ತಾನೇ ದುಡಿದು ಕೂಡಿಸಿದ ಕೋಶಕೇಂದ್ರದ ಸಾಕ್ಷ್ಯಕ್ಕೆ ಹೊಸ ಅರ್ಥ ಕೊಡುವ ಪ್ರಬಂಧಕ್ಕೆ ಸಹಿ ಹಾಕಿದ ಅವನ ದೊಡ್ಡತನ ನನಗೆ ಇಷ್ಟ. ಏಕೆಂದರೆ ಹೆಟೆರೊಟ್ರಿಕಗಳಲ್ಲಿ ದೊಡ್ಡ ಕೋಶಕೇಂದ್ರ ಒಡೆಯುತ್ತದೆ, ಒಡಹುಟ್ಟಿದ ಕ್ಯಾರಿಯೊರೆಲಿಕ್ಟ್‌ಗಳಲ್ಲಿ ಒಡೆಯುವುದಿಲ್ಲ. ಒಡೆಯುವ ವಿದ್ಯೆ ಎರಡು ಬಾರಿ ಬೇರೆ ಬೇರೆಯಾಗಿ ಹುಟ್ಟಿತೇ, ಅಥವಾ ಒಮ್ಮೆ ಹುಟ್ಟಿ ಕ್ಯಾರಿಯೊರೆಲಿಕ್ಟ್‌ಗಳಲ್ಲಿ ಕಳೆದುಹೋಯಿತೇ? ಒರಿಯಾಸ್ 1991ರಲ್ಲಿ ಮೊದಲನೆಯದರ ಪರ ವಾದಿಸಿದ್ದ. ಹೆಟೆರೊಟ್ರಿಕಗಳಲ್ಲಿ ಒಡೆಯಲು ನೆರವಾಗುವ ಸೂಕ್ಷ್ಮನಾಳಗಳು ಕೋಶಕೇಂದ್ರದ ಹೊರಗಿರುತ್ತವೆ, ಉಳಿದವುಗಳಲ್ಲಿ ಒಳಗೆ; ಈ ಸಂಗತಿ ಅವನ ಕಡೆಗೇ ವಾಲುತ್ತದೆ.

‘ಸಾದಾ ಬಾಯಿ’ಯ ಕಥೆಯೂ ಅದೇ ಹೊತ್ತಿಗೆ ಮುಗಿಯಿತು. ಸಾಲ್ಜ್‌ಬರ್ಗಿನ ವಿಲ್ಹೆಲ್ಮ್ ಫಾಯ್ಸ್ನರ್ ವೃದ್ಧ ದ್ರಾಗೆಸ್ಕೊ ಜೊತೆ ಸೇರಿ ಉದ್ದ ಕತ್ತಿನ ಈ ಕುಟುಂಬಕ್ಕೆ ಪ್ರೋಟಾರ್ಗಾಲ್ ಬೆಳ್ಳಿ ಹಿಡಿಸಿದ. 1996ರಲ್ಲಿ ಅವರು ಟ್ರಕೆಲೊಸರ್ಕಾ ಮತ್ತು ಟ್ರಕೆಲೊರಾಫಿಸ್ ಜಾತಿಗಳಿಗೆ ಹೊಸದಾಗಿ ಗಡಿ ಹಾಕಿದರು. ಬಾಯಿಯ ಸುತ್ತ ಜೋಡಿ ಬುಡಗಳ ಬಳೆ, ಅದರ ಬಳಿ ಕುಂಚದಂಥ ಸಾಲುಗಳು. ಸಾದಾ ಎಂದದ್ದೆಲ್ಲ ಚೆನ್ನಾಗಿ ಕಾಣದ್ದರ ಫಲ.

ಎಷ್ಟು ಬಗೆ ಇವೆ ಎಂಬ ಜಗಳ ಇನ್ನೂ ಆರಿಲ್ಲ. ಫೆಂಚೆಲ್, ಫಿನ್ಲೆ, ಕಾರ್ಲಿಸ್ ಮತ್ತಿತರರು 1996ರಲ್ಲಿ ಸ್ವತಂತ್ರವಾಗಿ ಬದುಕುವ ಸಿಲಿಯೇಟುಗಳು ಇಡೀ ಭೂಮಿಯಲ್ಲಿ 3,000ದ ಆಸುಪಾಸು ಎಂದರು. ಇಷ್ಟು ಸಣ್ಣ ಜೀವಿಗೆ ಗಡಿಯೆಲ್ಲಿ, ಎಲ್ಲವೂ ಎಲ್ಲೆಡೆ ಇರುತ್ತವೆ ಎಂಬುದು ಅವರ ನಿಲುವು. ಫಾಯ್ಸ್ನರ್ ಕೆರಳಿದ, ಅದರ ಹತ್ತು ಪಟ್ಟು ಇರಬಹುದು, ಎಷ್ಟೋ ಒಂದೊಂದು ಪ್ರದೇಶಕ್ಕೇ ಸೀಮಿತ ಎಂದು 2020ರಲ್ಲಿ ಸಾಯುವವರೆಗೂ ವಾದಿಸಿದ. ಅವನ ವಾದಕ್ಕೆ ತೀರದಿಂದ ಹೆಚ್ಚು ಬಲ ತಂದದ್ದು ಚೀನಾ. ಜರ್ಮನಿಯ ಬಾನ್‌ನಲ್ಲಿ ಕಲಿತು ಚಿಂಗ್‌ಡಾವ್‌ಗೆ ಮರಳಿದ ವೈಬೊ ಸಾಂಗ್ ಕಟ್ಟಿದ ಶಿಷ್ಯಪರಂಪರೆ ಸೀಗಡಿ ಹೊಂಡ, ಕಾಂಡ್ಲಾ ಕಾಡು, ಮರಳುದಂಡೆಗಳನ್ನು ಜಾಲಾಡಿತು. 2009ರಲ್ಲಿ ಬೊಹಾಯ್ ಮತ್ತು ಹಳದಿ ಸಮುದ್ರಗಳ ಸಂಪುಟ, 2019ರಲ್ಲಿ ದಕ್ಷಿಣ ಚೀನಾ ಸಮುದ್ರದ ಅಟ್ಲಾಸ್. ಜೀವಂತ ಕೋಶದ ಚಿತ್ರ, ಬೆಳ್ಳಿಯ ಚಿತ್ರ, ವಂಶವಾಹಿಯ ಓದು ಮೂರೂ ಇದ್ದರೆ ಮಾತ್ರ ಹೊಸ ಹೆಸರು ಎಂಬ ಶಿಸ್ತನ್ನು ರೂಢಿಗೆ ತಂದವರಲ್ಲಿ ಈ ತಂಡ ಮುಖ್ಯವಾದದ್ದು.

2016ರಲ್ಲಿ ಕಾಂಡಿಲೊಸ್ಟೋಮಾ ಮತ್ತೆ ಸುದ್ದಿಯಾಯಿತು. ಹೆಚ್ಚಿನ ಜೀವಿಗಳಲ್ಲಿ ಪ್ರೋಟೀನ್ ಹೆಣೆಯುವಾಗ ‘ಇಲ್ಲಿಗೆ ನಿಲ್ಲಿಸು’ ಎನ್ನುವ ಮೂರಕ್ಷರದ ಸಂಕೇತಗಳು ಮೂರು. ಕೆಲವು ಸಿಲಿಯೇಟುಗಳು ಅವುಗಳಲ್ಲಿ ಒಂದೆರಡಕ್ಕೆ ಬೇರೆ ಅರ್ಥ ಕೊಟ್ಟಿರುವುದು 1980ರ ದಶಕದಿಂದಲೇ ತಿಳಿದಿತ್ತು. ‘ಕಾಂಡಿಲೊಸ್ಟೋಮಾ ಮ್ಯಾಗ್ನಂ’ ಮೂರಕ್ಕೂ ಎರಡೆರಡು ಅರ್ಥ ಇಟ್ಟುಕೊಂಡಿದೆ. ಸಾಲಿನ ನಡುವೆ ಬಂದರೆ ಅಮೈನೊ ಆಮ್ಲ, ಸಾಲಿನ ಕೊನೆಗೆ ಹತ್ತಿರ ಬಂದರೆ ಪೂರ್ಣವಿರಾಮ. ನಿಲ್ಲಿಸಲೆಂದೇ ಮೀಸಲಾದ ಸಂಕೇತ ಅದರಲ್ಲಿ ಒಂದೂ ಇಲ್ಲ. ಸ್ವಾರ್ಟ್ ಮತ್ತು ಸಂಗಡಿಗರು ಅದೇ ಲೇಖನದಲ್ಲಿ ಪಾರ್ಡುಕ್ಜಿಯಾ ಎಂಬ ಕ್ಯಾರಿಯೊರೆಲಿಕ್ಟ್‌ನಲ್ಲೂ ಇಂಥದೇ ದ್ವಂದ್ವಾರ್ಥ ಕಂಡರು, ಮೂರರ ಬದಲು ಒಂದು ಸಂಕೇತದಲ್ಲಿ. 2022ರಲ್ಲಿ ಇನ್ನಷ್ಟು ಕ್ಯಾರಿಯೊರೆಲಿಕ್ಟ್‌ಗಳನ್ನು ಓದಿದಾಗ ಇದು ಆ ಗುಂಪಿನ ಉದ್ದಕ್ಕೂ ಹಬ್ಬಿರುವುದು ಗೊತ್ತಾಯಿತು. ಅಮೆರಿಕದ ಸರ್ಕಾರಿ ಜೈವಿಕ ದತ್ತಸಂಗ್ರಹದಲ್ಲಿ ಪ್ರತಿ ಬಗೆಯ ಸಂಕೇತ ಭಾಷೆಗೂ ಒಂದೊಂದು ಸಂಖ್ಯೆ ಇದೆ. ಕ್ಯಾರಿಯೊರೆಲಿಕ್ಟ್‌ಗಳದು 27, ಕಾಂಡಿಲೊಸ್ಟೋಮಾದ್ದು 28. ಕಡಲನ್ನು ಕೆಂಪಾಗಿಸುವ ಮೆಸೊಡಿನಿಯಂ ಎಂಬ ಮತ್ತೊಂದು ಸಿಲಿಯೇಟಿನದು 29. ಅದು ಮರದ ಯಾವ ಕೊಂಬೆಗೆ ಸೇರಬೇಕು ಎಂಬುದರ ಬಗ್ಗೆ ಈಗ ಜಗಳ ನಡೆದಿದೆ.